ಚಿಪ್‌ಗೂ ಕವಚಕ್ಕೂ ನಡುವಿನ ಹಾಳೆ: ಒಂದು ವರ್ಷದ ಬಳಕೆಯ ಬಳಿಕ

ಫ್ಯಾನ್ ಇಲ್ಲದ, ಎಲ್ಲ ಕಡೆಯಿಂದಲೂ ಮುಚ್ಚಿದ ಒಂದು ನಿಯಂತ್ರಣ ಘಟಕವನ್ನು ವಿನ್ಯಾಸ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ, ಅದರ ಸರ್ಕ್ಯೂಟ್‌ಗಿಂತ ಹೆಚ್ಚು ದಿನ ನನ್ನನ್ನು ಹಿಡಿದಿಟ್ಟುಕೊಂಡದ್ದು ಒಳಗಿನ ಬಿಸಿಯನ್ನು ಹೊರಗೆ ಸಾಗಿಸುವ ಪ್ರಶ್ನೆ. ಪ್ರೊಸೆಸರ್, ಮೆಮೊರಿ ಚಿಪ್‌ಗಳು, ವಿದ್ಯುತ್ ಪೂರೈಕೆಯಲ್ಲಿ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್‌ಗಳು, ಇವೆಲ್ಲದರ ಶಾಖವೂ ಅಲ್ಯೂಮಿನಿಯಂ ಕವಚವನ್ನು ತಲುಪಿ ಅಲ್ಲಿಂದ ಹೊರಗಿನ ಗಾಳಿಯನ್ನು ಸೇರಬೇಕು. ಚಿಪ್‌ಗೂ ಕವಚಕ್ಕೂ ನಡುವೆ ಇರುವ ಏಕೈಕ ಸೇತುವೆ ಎಂದರೆ ಥರ್ಮಲ್ ಪ್ಯಾಡ್ ಎಂದು ನಾವೆಲ್ಲ ಕರೆಯುವ, ಬೂದು ಬಣ್ಣದ, ಹಸಿ ಜೇಡಿಮಣ್ಣಿನಷ್ಟು ಮೆತ್ತಗಿನ ಸಿಲಿಕೋನ್ ಹಾಳೆ. ಒಬ್ಬರೇ ತಯಾರಕರಿಂದ ಮೂರು ಬಗೆಯ ಸಿಲಿಕೋನ್ ಹಾಳೆಗಳನ್ನೂ ಒಂದು ಗ್ರಾಫೈಟ್ ಹಾಳೆಯನ್ನೂ ತರಿಸಿಕೊಂಡು, ಅವರದೇ ಕತ್ತರಿಕೆ ಸೇವೆಯಲ್ಲಿ ನಮ್ಮ ನಕ್ಷೆಯಂತೆ ತುಂಡು ಮಾಡಿಸಿ, ಒಂದು ವರ್ಷ ಬಳಸಿದ ಬಳಿಕ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಹೇಳುವುದಿಲ್ಲ; ಈ ವರ್ಗದ ಹಾಳೆಗಳನ್ನು ಹೇಗೆ ತೂಗಿ ನೋಡಬೇಕು ಎಂಬುದು ಓದುಗರಿಗೆ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಹಾಳೆ ಏಕೆ ಬೇಕು ಎಂಬುದನ್ನು ಒಂದು ಲೆಕ್ಕದಿಂದ ಹೇಳಿಬಿಡುವುದು ಒಳ್ಳೆಯದು. ನಿಂತ ಗಾಳಿಯ ಉಷ್ಣವಾಹಕತೆ ಸುಮಾರು 0.026 ವ್ಯಾಟ್ ಪ್ರತಿ ಮೀಟರ್-ಕೆಲ್ವಿನ್. ನಾನು ಕೊಂಡ ನಡುದರ್ಜೆಯ ಹಾಳೆಯದು 6; ಉಳಿದೆರಡು ಸಿಲಿಕೋನ್ ಹಾಳೆಗಳದು 3 ಮತ್ತು 12. ಮುಂದೆ ಅವುಗಳನ್ನು ಈ ಸಂಖ್ಯೆಗಳಿಂದಲೇ ಕರೆಯುತ್ತೇನೆ. ಅಂದರೆ 0.1 ಮಿಲಿಮೀಟರ್ ದಪ್ಪದ ಗಾಳಿಯ ಪದರ ಶಾಖಕ್ಕೆ ಒಡ್ಡುವ ಅಡ್ಡಿಯು 23 ಮಿಲಿಮೀಟರ್ ದಪ್ಪದ ಈ ಹಾಳೆ ಒಡ್ಡುವ ಅಡ್ಡಿಗೆ ಸಮ. ಎರಡು ಹಾಳೆ ಕಾಗದದಷ್ಟೂ ಇಲ್ಲದ ಗಾಳಿಯ ಸಂದು ಎರಡು ಬೆರಳಿನಗಲದ ರಬ್ಬರಿಗೆ ಸಮವಾಗುತ್ತದೆ ಎಂಬುದು ಮೊದಲ ಬಾರಿ ಲೆಕ್ಕ ಹಾಕಿದವರನ್ನು ಬೆಚ್ಚಿಬೀಳಿಸುವ ಸಂಗತಿ. ಮುಂದೆ ಹೇಳಲಿರುವ ಎಲ್ಲ ಮೆಚ್ಚುಗೆಗೂ ಎಲ್ಲ ದೂರಿಗೂ ಇದೇ ಬುಡ: ಒಳ್ಳೆಯ ಹಾಳೆಯ ಮೊದಲ ಕೆಲಸ ಗಾಳಿಯನ್ನು ಓಡಿಸುವುದು, ಶಾಖವನ್ನು ವೇಗವಾಗಿ ಸಾಗಿಸುವುದು ಎರಡನೆಯದು. ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಸಂಖ್ಯೆ ಈ ಎರಡನೆಯ ಕೆಲಸವನ್ನು ಮಾತ್ರ ಹೇಳುತ್ತದೆ.

ನಮ್ಮ ಘಟಕದ ನಡುವೆ 20 ಮಿಲಿಮೀಟರ್ ಚೌಕದ ಪ್ರೊಸೆಸರ್ ಇದೆ. ಪೂರ್ಣ ಹೊರೆಯಲ್ಲಿ ಅದು 12 ವ್ಯಾಟ್ ಶಾಖ ಬಿಡುತ್ತದೆ. ಅದರ ಪಕ್ಕದಲ್ಲಿ ತಲಾ ಒಂದು ವ್ಯಾಟ್‌ನ ಎರಡು ಮೆಮೊರಿ ಚಿಪ್‌ಗಳಿವೆ; ಅವುಗಳ ತಲೆ ಪ್ರೊಸೆಸರ್‌ಗಿಂತ 0.3 ಮಿಲಿಮೀಟರ್ ತಗ್ಗು. ಇನ್ನೊಂದು ಅಂಚಿನಲ್ಲಿ ಮಾಸ್‌ಫೆಟ್‌ಗಳೂ ಒಂದು ಇಂಡಕ್ಟರ್ ಕೂಡ ಇವೆ. ಕವಚವನ್ನು ನಾಲ್ಕು ಮೂಲೆಗಳ ನಾಲ್ಕು ಸ್ಕ್ರೂಗಳು ಹಿಡಿದಿವೆ. ಪ್ರೊಸೆಸರ್‌ನ ತಲೆಗೂ ಕವಚದ ಒಳಮೈಗೂ ನಕ್ಷೆಯ ಪ್ರಕಾರ 1 ಮಿಲಿಮೀಟರ್ ಅಂತರ. ಆದರೆ ನಕ್ಷೆಯ ಅಂತರ ಬೇರೆ, ನಿಜದ ಅಂತರ ಬೇರೆ. ಚಿಪ್‌ನ ಎತ್ತರ, ಅದರಡಿಯ ಬೆಸುಗೆ ಗುಂಡುಗಳು ಕರಗಿ ಕುಳಿತ ಬಗೆ, ಬೋರ್ಡಿನ ಬಾಗು, ಕವಚವನ್ನು ಕೊರೆದ ಯಂತ್ರದ ನಿಖರತೆ, ಇವೆಲ್ಲವೂ ಕೂಡಿ ನಮ್ಮ ಘಟಕದಲ್ಲಿ ಆ ಅಂತರ 0.8ರಿಂದ 1.2 ಮಿಲಿಮೀಟರ್‌ವರೆಗೆ ಹೊಯ್ದಾಡುತ್ತದೆ. ಅಂತರ ಅತಿ ಹೆಚ್ಚಾದಾಗಲೂ ಹಾಳೆ ಕನಿಷ್ಠ ಶೇಕಡಾ 20ರಷ್ಟು ಒತ್ತಿಕೊಂಡಿರಬೇಕು ಎಂದು ನಿಶ್ಚಯಿಸಿದರೆ 1.5 ಮಿಲಿಮೀಟರ್ ದಪ್ಪದ ಹಾಳೆ ಬೇಕಾಗುತ್ತದೆ. ಅದೇ ಹಾಳೆ ಅಂತರ ಅತಿ ಕಡಿಮೆಯಾದಾಗ ತನ್ನ ದಪ್ಪದ ಹತ್ತಿರ ಹತ್ತಿರ ಅರ್ಧವನ್ನು ಬಿಟ್ಟುಕೊಡಬೇಕಾಗುತ್ತದೆ. ಹಾಳೆಯನ್ನು ಆರಿಸುವವರು ಮೊದಲು ಕೂತು ಮಾಡಬೇಕಾದ ಲೆಕ್ಕ ಇದು. ಉಷ್ಣವಾಹಕತೆಯ ಲೆಕ್ಕ ಆಮೇಲೆ ಬರಲಿ.

ಆ ಎರಡನೆಯ ಲೆಕ್ಕ ಸುಲಭ. ಫೂರಿಯೇ 1822ರಲ್ಲಿ ಪ್ರಕಟಿಸಿದ ನಿಯಮದಂತೆ ಹಾಳೆಯ ದಪ್ಪವನ್ನು ಅದರ ಉಷ್ಣವಾಹಕತೆ ಮತ್ತು ವಿಸ್ತೀರ್ಣಗಳ ಗುಣಲಬ್ಧದಿಂದ ಭಾಗಿಸಿದರೆ ಉಷ್ಣರೋಧ ಸಿಗುತ್ತದೆ. ಪ್ರೊಸೆಸರ್‌ನ ಮೇಲೆ 1 ಮಿಲಿಮೀಟರ್‌ಗೆ ಒತ್ತಿದ ಹಾಳೆಯ ಉಷ್ಣವಾಹಕತೆ 3 ಆಗಿದ್ದರೆ 12 ವ್ಯಾಟ್‌ಗೆ ಹಾಳೆಯ ಎರಡು ಮೈಗಳ ನಡುವಿನ ತಾಪದ ವ್ಯತ್ಯಾಸ 10 ಡಿಗ್ರಿ. 6 ಆಗಿದ್ದರೆ 5 ಡಿಗ್ರಿ. 12 ಆಗಿದ್ದರೆ ಎರಡೂವರೆ ಡಿಗ್ರಿ. ಸಂಖ್ಯೆ ಇಮ್ಮಡಿಯಾಗುತ್ತ ಹೋದಂತೆ ಸಿಗುವ ಲಾಭ ಅರ್ಧವಾಗುತ್ತ ಬರುತ್ತದೆ ಎಂಬುದನ್ನು ಗಮನಿಸಬೇಕು. 3ರಿಂದ 6ಕ್ಕೆ ಏರಿದಾಗ 5 ಡಿಗ್ರಿ ಉಳಿಯುತ್ತದೆ; 6ರಿಂದ 12ಕ್ಕೆ ಏರಿದಾಗ ಉಳಿಯುವುದು ಅದರರ್ಧ ಮಾತ್ರ. ಹಾಗಿದ್ದರೂ ಎರಡೂವರೆ ಡಿಗ್ರಿ ಬಿಡುವಂಥದ್ದಲ್ಲ ಎಂದು ನನಗೆ ಆಗ ಅನ್ನಿಸಿತ್ತು. ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್‌ನ ಸುತ್ತಲಿನ ತಾಪ 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬ ರೂಢಿಯ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಕೆಲಸ ಮಾಡುವವರಿಗೆ ಪ್ರತಿಯೊಂದು ಡಿಗ್ರಿಯೂ ಬೆಲೆಯುಳ್ಳದ್ದು. ಆದ್ದರಿಂದ ಮೊದಲ ಮಾದರಿಗೆ 12ರ ಹಾಳೆಯನ್ನೇ ಹಾಕಿದೆ.

ಆ ಹಾಳೆ ಕೈಗೆ ಬಂದ ಕ್ಷಣದಲ್ಲೇ ಒಂದು ಸೂಚನೆ ಸಿಕ್ಕಿತ್ತು. ನಾನು ಅದಕ್ಕೆ ಗಮನ ಕೊಡಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ 3ರ ಹಾಳೆಯಲ್ಲಿ ಬೆರಳಚ್ಚು ಮೂಡುತ್ತದೆ, 6ರ ಹಾಳೆಯಲ್ಲಿ ಮಸುಕಾಗಿ ಮೂಡಿ ನಿಧಾನವಾಗಿ ಮಾಯವಾಗುತ್ತದೆ, 12ರ ಹಾಳೆಯಲ್ಲಿ ಮೂಡುವುದೇ ಇಲ್ಲ. ಅದರ ಮೂಲೆಯನ್ನು ಬಗ್ಗಿಸಿದರೆ ಬಿರುಕು ಬಿಟ್ಟು ಪುಡಿ ಉದುರುತ್ತದೆ. ಕಾರಣ ಅದರ ಪಾಕದಲ್ಲೇ ಇದೆ. ಬರೀ ಸಿಲಿಕೋನ್ ರಬ್ಬರಿನ ಉಷ್ಣವಾಹಕತೆ ಸುಮಾರು 0.2, ಅದು ಶಾಖ ಸಾಗಿಸುವಂತಾಗುವುದು ಅದರೊಳಗೆ ಕಲೆಸಿದ ಅಲ್ಯೂಮಿನಾ, ಅಲ್ಯೂಮಿನಿಯಂ ನೈಟ್ರೈಡ್, ಬೋರಾನ್ ನೈಟ್ರೈಡ್‌ನಂಥ ಪುಡಿಗಳಿಂದ. ಪುಡಿಯ ಕಣಗಳು ಒಂದಕ್ಕೊಂದು ತಾಗುವಷ್ಟು ತುಂಬಿದಾಗಲೇ ಶಾಖಕ್ಕೆ ದಾರಿ ತೆರೆಯುತ್ತದೆ. ಆದರೆ ಹಾಗೆ ತುಂಬಿದಷ್ಟೂ ರಬ್ಬರು ತನ್ನ ಮೆತ್ತನೆಯ ಗುಣವನ್ನು ಕಳೆದುಕೊಳ್ಳುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ವಾಹಕತೆ ಒಂದು ಕಡೆ, ಮೃದುತ್ವ ಇನ್ನೊಂದು ಕಡೆ ಎಳೆಯುತ್ತವೆ. ಈ ಎರಡರ ನಡುವಿನ ಹೊಂದಾಣಿಕೆಯಲ್ಲೇ ಒಬ್ಬ ತಯಾರಕರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಅಡಗಿದೆ.

ಮಾದರಿಯನ್ನು ಜೋಡಿಸಿ, 40 ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟು, ಪೂರ್ಣ ಹೊರೆಯಲ್ಲಿ ನಾಲ್ಕು ಗಂಟೆ ಓಡಿಸಿದೆ. ಪ್ರೊಸೆಸರ್‌ನ ತಾಪ ಚೆನ್ನಾಗಿಯೇ ಇತ್ತು. ಮೆಮೊರಿ ಚಿಪ್‌ಗಳ ತಾಪ ಮಾತ್ರ ಲೆಕ್ಕಕ್ಕಿಂತ 9 ಡಿಗ್ರಿ ಮೇಲಿತ್ತು. ಮೆಮೊರಿಯ ಮೇಲಿನ ಹಾಳೆಯಲ್ಲಿ ದೋಷವಿರಬಹುದು ಎಂದು ಭಾವಿಸಿ ಅದನ್ನು ಎರಡು ಬಾರಿ ಬದಲಿಸಿದೆ; ಏನೂ ಬದಲಾಗಲಿಲ್ಲ. ಕೊನೆಗೆ ಕವಚದ ಅಂಚಿಗೆ ಫೀಲರ್ ಗೇಜನ್ನು (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳ ಸಾಧನ) ತೂರಿಸಿ ನೋಡಿದಾಗ ಎರಡು ಸ್ಕ್ರೂಗಳ ನಡುವೆ 0.3 ಮಿಲಿಮೀಟರ್‌ನ ಪಟ್ಟಿ ಸಲೀಸಾಗಿ ಒಳಗೆ ಹೋಯಿತು. ಪ್ರೊಸೆಸರ್‌ನ ಮೇಲಿನ ಗಟ್ಟಿ ಹಾಳೆ ಒತ್ತಿಕೊಳ್ಳಲು ಒಪ್ಪದೆ, ಕಂಬದಂತೆ ನಿಂತು, ಕವಚವನ್ನೇ ನಡುವಿನಲ್ಲಿ ಎತ್ತಿ ಹಿಡಿದಿತ್ತು. ಪಕ್ಕದ ಮೆಮೊರಿ ಚಿಪ್‌ಗಳ ಮೇಲಿನ ಹಾಳೆ ಕವಚವನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತಿತ್ತು. ಉಳಿದ ಕಡೆ ಗಾಳಿ. ಪ್ರೊಸೆಸರ್‌ನ ಮೇಲೂ ಹಾಳೆ 1 ಮಿಲಿಮೀಟರ್‌ಗೆ ಇಳಿಯದೆ 1.3ರಲ್ಲೇ ನಿಂತಿದ್ದರಿಂದ, ಗಟ್ಟಿ ಮೈಯ ಸಂಪರ್ಕ ರೋಧವೂ (ಎರಡು ಮೈಗಳು ಕೂಡುವಲ್ಲಿ ಶಾಖಕ್ಕೆ ಎದುರಾಗುವ ಅಡ್ಡಿ) ಸೇರಿ, ಲೆಕ್ಕದಲ್ಲಿ ಸಿಗಬೇಕಾಗಿದ್ದ ಎರಡೂವರೆ ಡಿಗ್ರಿಯ ಲಾಭ ಅಳತೆಯಲ್ಲಿ ಅರ್ಧ ಡಿಗ್ರಿಗೆ ಇಳಿದಿತ್ತು.

ಬೋರ್ಡಿನ ಕಡೆಗೆ ನೋಡಿದಾಗ ಇನ್ನೂ ಕಳವಳವಾಯಿತು. 345 ಕಿಲೊಪ್ಯಾಸ್ಕಲ್ ಒತ್ತಡದಲ್ಲಿ ಈ ಹಾಳೆ ಶೇಕಡಾ 20ರಷ್ಟು ತಗ್ಗುತ್ತದೆ ಎಂದು ತಾಂತ್ರಿಕ ವಿವರದ ಪುಟದಲ್ಲಿ ಬರೆದಿತ್ತು. 20 ಮಿಲಿಮೀಟರ್ ಚೌಕದ ಮೇಲೆ ಅಷ್ಟು ಒತ್ತಡವೆಂದರೆ ಸುಮಾರು 138 ನ್ಯೂಟನ್, ಅಂದರೆ ಅಂಚೆಚೀಟಿಯಷ್ಟು ಅಗಲದ ಜಾಗದ ಮೇಲೆ 14 ಕಿಲೋ ತೂಕ. ಆ ತೂಕವನ್ನು ಹೊರುವುದು ಚಿಪ್‌ನ ಅಡಿಯ ಬೆಸುಗೆ ಗುಂಡುಗಳು ಮತ್ತು ಬೋರ್ಡು. ಇಂದು ಏನೂ ಆಗದಿರಬಹುದು. ಬಿಸಿಯೇರುತ್ತ ತಣಿಯುತ್ತ ಸಾವಿರಾರು ಸುತ್ತು ಕಳೆದ ಮೇಲೆ ಆ ಗುಂಡುಗಳಲ್ಲಿ ಬಿರುಕು ಹುಟ್ಟಿದರೆ ಅದರ ಮೂಲ ಈ ಹಾಳೆ ಎಂದು ಯಾರಿಗೂ ತೋಚುವುದಿಲ್ಲ. 12ರ ಹಾಳೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪ್ರತ್ಯೇಕ ಸ್ಪ್ರಿಂಗ್ ಸ್ಕ್ರೂಗಳುಳ್ಳ, ಒಂದೇ ಚಿಪ್‌ಗೆ ಮೀಸಲಾದ ಹೀಟ್ ಸಿಂಕ್‌ನಡಿ, ಅರ್ಧ ಮಿಲಿಮೀಟರ್‌ನಂಥ ಸಣ್ಣ ಅಂತರದಲ್ಲಿ ಅದು ತನ್ನ ಸಂಖ್ಯೆಗೆ ತಕ್ಕ ಕೆಲಸ ಮಾಡೀತು. ಹಲವು ಎತ್ತರಗಳ ಚಿಪ್‌ಗಳಿಗೆ ಒಂದೇ ಕವಚ ಹೊದಿಸುವ ನಮ್ಮಂಥ ವಿನ್ಯಾಸಕ್ಕೆ ಅದು ಒಗ್ಗುವುದಿಲ್ಲ. ಆ ಮಾತನ್ನು ವಿವರ ಪುಟದಲ್ಲಿ ಒಂದು ಸಾಲಿನಲ್ಲಾದರೂ ಹೇಳಬಹುದಿತ್ತು.

6ರ ಹಾಳೆಯನ್ನು ಹಾಕಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ಇದರ ಗಡಸುತನವನ್ನು ಮೆತ್ತನೆಯ ರಬ್ಬರುಗಳನ್ನು ಅಳೆಯುವ ಶೋರ್ 00 ಮಾಪನದಲ್ಲಿ 35 ಎಂದು ಕೊಟ್ಟಿದ್ದಾರೆ. ಬರಿಯ ಸಂಖ್ಯೆಗಿಂತ ನನಗೆ ಉಪಯೋಗವಾದದ್ದು ಅದರ ಜೊತೆಗೆ ಕೊಟ್ಟಿರುವ ಒತ್ತಡ ಮತ್ತು ತಗ್ಗುವಿಕೆಯ ರೇಖಾಚಿತ್ರ. ಈ ರೇಖಾಚಿತ್ರವಿಲ್ಲದ ಹಾಳೆಯನ್ನು ವಿನ್ಯಾಸಕ್ಕೆ ತೆಗೆದುಕೊಳ್ಳಲೇಬಾರದು ಎಂಬುದು ಈಗ ನನ್ನ ದೃಢ ಅಭಿಪ್ರಾಯ. ಇನ್ನೊಂದು ವಿಷಯವನ್ನು ಬಳಸುತ್ತ ಬಳಸುತ್ತ ಕಲಿತೆ. ಈ ಹಾಳೆ ಪೂರ್ತಿ ಸ್ಪ್ರಿಂಗೂ ಅಲ್ಲ, ಪೂರ್ತಿ ದ್ರವವೂ ಅಲ್ಲ. ಒಮ್ಮೆಲೇ ಒತ್ತಿದರೆ ಸೆಟೆದು ನಿಲ್ಲುತ್ತದೆ, ಸಮಯ ಕೊಟ್ಟರೆ ಸಡಿಲಗೊಳ್ಳುತ್ತದೆ. ಸ್ಕ್ರೂಗಳನ್ನು ಯಂತ್ರದಿಂದ ಒಂದೇ ಬಿರುಸಿನಲ್ಲಿ ಬಿಗಿದರೆ ಆ ಕ್ಷಣದಲ್ಲಿ ಚಿಪ್‌ನ ಮೇಲೆ ಬೀಳುವ ಬಲ ಕೊನೆಗೆ ಉಳಿಯುವ ಬಲಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ನಾವು ಈಗ ನಾಲ್ಕು ಸ್ಕ್ರೂಗಳನ್ನೂ ಕರ್ಣದ ಕ್ರಮದಲ್ಲಿ ಅರ್ಧ ಬಿಗಿದು, ಒಂದು ನಿಮಿಷ ಬಿಟ್ಟು, ಆಮೇಲೆ ಪೂರ್ತಿ ಬಿಗಿಯುತ್ತೇವೆ. ಆ ಒಂದು ನಿಮಿಷದಲ್ಲಿ ಕವಚ ತಾನಾಗಿ ಕೂದಲೆಳೆಯಷ್ಟು ಕೆಳಗೆ ಕೂರುವುದು ಅಂಚಿನಿಂದ ನೋಡಿದರೆ ಕಣ್ಣಿಗೇ ಕಾಣುತ್ತದೆ. ಪ್ರೊಸೆಸರ್‌ನಿಂದ ಕವಚದವರೆಗಿನ ತಾಪದ ವ್ಯತ್ಯಾಸದಲ್ಲಿ ಹಾಳೆಯ ಪಾಲು ಸುಮಾರು ಐದೂವರೆ ಡಿಗ್ರಿ ಬಂತು. ಲೆಕ್ಕದ 5 ಡಿಗ್ರಿಗೆ ಸಂಪರ್ಕ ರೋಧವನ್ನು ಕೂಡಿಸಿದರೆ ಇದು ನಿರೀಕ್ಷಿಸಿದ್ದೇ. ಮೆಮೊರಿಯ ತಾಪವೂ ಲೆಕ್ಕದ ಹತ್ತಿರಕ್ಕೆ ಇಳಿಯಿತು.

ಮೆಮೊರಿಯ ಮೇಲೆ ನಾವು ಹಾಕಿರುವುದು ಮೂರರಲ್ಲಿ ಅತಿ ಸಾಧಾರಣವಾದ 3ರ ಹಾಳೆ. ಒಂದು ವ್ಯಾಟ್‌ನ ಚಿಪ್‌ಗೆ ಅಲ್ಲಿ 1.3 ಮಿಲಿಮೀಟರ್ ಅಂತರದಲ್ಲೂ ಹಾಳೆಯ ಪಾಲು ಎರಡೂವರೆ ಡಿಗ್ರಿಯನ್ನು ಹೆಚ್ಚು ಮೀರುವುದಿಲ್ಲ. 6ರ ಹಾಳೆ ಹಾಕಿದರೆ ಉಳಿಯುವುದು ಒಂದು ಡಿಗ್ರಿ ಚಿಲ್ಲರೆ. ಅದಕ್ಕಿಂತ ಅದು ಬೆಣ್ಣೆಯಂತೆ ಒತ್ತಿಕೊಂಡು ಪ್ರೊಸೆಸರ್‌ನ ಹಾಳೆಗೆ ಬಲವನ್ನು ಬಿಟ್ಟುಕೊಡುವುದು ಮುಖ್ಯ. ಒಂದೇ ಕವಚದಡಿಯ ಹಾಳೆಗಳು ಒಂದೇ ಬಲವನ್ನು ಹಂಚಿಕೊಳ್ಳುತ್ತವೆ ಎಂಬುದನ್ನು ಮರೆತು ಎಲ್ಲ ಕಡೆಯೂ ಅತ್ಯುತ್ತಮ ಸಂಖ್ಯೆಯ ಹಾಳೆಯನ್ನೇ ಹಾಕಿದರೆ, ನಿಜವಾಗಿ ಬಿಸಿಯಾಗುವ ಚಿಪ್‌ಗೆ ಸಿಗಬೇಕಾದ ಒತ್ತಡ ಅಲ್ಲೇ ಪೋಲಾಗುತ್ತದೆ.

ವಿವರ ಪುಟದ ಸಂಖ್ಯೆಗಳ ಬಗ್ಗೆ ಒಂದು ಮಾತು. ಮೂರು ಹಾಳೆಗಳ ಪೈಕಿ ಎರಡಕ್ಕೆ ಉಷ್ಣವಾಹಕತೆಯನ್ನು ಎಎಸ್‌ಟಿಎಂ ಡಿ5470 ವಿಧಾನದಲ್ಲಿ ಅಳೆದಿದ್ದಾರೆ. ಹಾಳೆಯನ್ನು ಬಿಸಿ ಮತ್ತು ತಣ್ಣನೆಯ ಎರಡು ಲೋಹದ ದಂಡಗಳ ನಡುವೆ ಒತ್ತಿ, ಹರಿಯುವ ಶಾಖವನ್ನು ಸ್ಥಿರ ಸ್ಥಿತಿಯಲ್ಲಿ ಅಳೆಯುವ ವಿಧಾನ ಇದು. 12ರ ಹಾಳೆಯದನ್ನು ಮಾತ್ರ ಐಎಸ್‌ಒ 22007-2ರ ಹಾಟ್ ಡಿಸ್ಕ್ ವಿಧಾನದಲ್ಲಿ ಅಳೆದಿದ್ದಾರೆ. ಎರಡನೆಯದರಲ್ಲಿ ತಾನೇ ಬಿಸಿಯನ್ನೂ ಕೊಡುವ ತಾಪಮಾಪಕವನ್ನು ವಸ್ತುವಿನ ಎರಡು ತುಂಡುಗಳ ನಡುವೆ ಇಟ್ಟು, ಅಲ್ಪಕಾಲದ ತಾಪದ ಏರಿಕೆಯಿಂದ ಒಟ್ಟು ವಸ್ತುವಿನ ಗುಣವನ್ನು ತಿಳಿಯುತ್ತಾರೆ. ಲೋಹಕ್ಕೂ ಹಾಳೆಗೂ ನಡುವಿನ ಸಂಪರ್ಕ ರೋಧ ಅದರಲ್ಲಿ ಬರುವುದೇ ಇಲ್ಲ. ಎರಡೂ ವಿಧಾನಗಳು ಪ್ರಾಮಾಣಿಕವೇ. ಆದರೆ ಒಂದೇ ಕೋಷ್ಟಕದಲ್ಲಿ, ಒಂದರ ಕೆಳಗೊಂದು ಸಾಲಾಗಿ ಇಟ್ಟಾಗ ಓದುವವರು ಅವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿಬಿಡುತ್ತಾರೆ. ವಿಧಾನದ ಹೆಸರು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದೆ. ನಾನೇ ಅದನ್ನು ಓದಿದ್ದು ಮಾದರಿ ಕೈಕೊಟ್ಟ ಮೇಲೆ. ವಿನ್ಯಾಸಕರಿಗೆ ಬೇಕಾದದ್ದು ನಿರ್ದಿಷ್ಟ ದಪ್ಪದಲ್ಲಿ, ನಿರ್ದಿಷ್ಟ ಒತ್ತಡದಲ್ಲಿ ಹಾಳೆಯ ಒಟ್ಟು ಉಷ್ಣರೋಧ ಎಷ್ಟು ಎಂಬ ರೇಖೆ; ಅದನ್ನು ಮೂರಕ್ಕೂ ಕೊಟ್ಟಿದ್ದರೆ ನನ್ನ ಎರಡು ವಾರ ಉಳಿಯುತ್ತಿತ್ತು.

ಇನ್ನು ಕತ್ತರಿಕೆ ಸೇವೆ. ನಕ್ಷೆ ಕಳಿಸಿದರೆ ಅಚ್ಚಿನಿಂದ ತುಂಡು ಮಾಡಿ, ತಳದ ಹಾಳೆಯ ಮೇಲೆ ಸಾಲಾಗಿ ಜೋಡಿಸಿ ಕೊಡುತ್ತಾರೆ; ಅಚ್ಚು ಪ್ಯಾಡನ್ನು ಮಾತ್ರ ಕೊಯ್ದು ತಳದ ಹಾಳೆಯನ್ನು ಕೊಯ್ಯದೆ ಬಿಡುವುದರಿಂದ ಒಂದೊಂದಾಗಿ ಎತ್ತಿಕೊಳ್ಳುವುದು ಸುಲಭ. ಅಂಚುಗಳು ನೇರವಾಗಿವೆ, ಅಳತೆ ಹೇಳಿದ್ದಕ್ಕಿಂತ 0.2 ಮಿಲಿಮೀಟರ್‌ನೊಳಗೇ ಇದೆ. ಮೊದಲ ನಕ್ಷೆಯಲ್ಲಿ ನಾನು ಪ್ರೊಸೆಸರ್‌ನ ಅಳತೆಯನ್ನೇ, ಅಂದರೆ 20 ಮಿಲಿಮೀಟರ್ ಚೌಕವನ್ನೇ ಬರೆದು ಕಳಿಸಿದ್ದೆ. ಸಿಲಿಕೋನ್ ಒತ್ತಿದರೆ ತಗ್ಗುತ್ತದೆ, ಆದರೆ ಅದರ ಗಾತ್ರ ಕಡಿಮೆಯಾಗುವುದಿಲ್ಲ; ಮೇಲಿನಿಂದ ಕಳೆದುಕೊಂಡದ್ದನ್ನು ಪಕ್ಕಕ್ಕೆ ತಳ್ಳುತ್ತದೆ. 1.5 ಮಿಲಿಮೀಟರ್ ದಪ್ಪವನ್ನು 1 ಮಿಲಿಮೀಟರ್‌ಗೆ ಒತ್ತಿದರೆ ವಿಸ್ತೀರ್ಣ ಒಂದೂವರೆ ಪಟ್ಟಾಗಬೇಕು, ಚೌಕದ ಬದಿ 24.5 ಮಿಲಿಮೀಟರ್ ಆಗಬೇಕು. ಹಾಗೆಯೇ ಆಯಿತು: ಎಲ್ಲ ಬದಿಗಳಲ್ಲೂ ಎರಡು ಮಿಲಿಮೀಟರ್‌ಗಿಂತ ಹೆಚ್ಚು ಉಕ್ಕಿ ಬಂದ ರಬ್ಬರು ಸುತ್ತಲಿನ ಸಣ್ಣ ಕೆಪ್ಯಾಸಿಟರ್‌ಗಳನ್ನು ಅಪ್ಪಿಕೊಂಡಿತು. ದುರಸ್ತಿಗೆಂದು ಕವಚ ತೆಗೆದಾಗ ಅಂಥ ಎರಡು ಕೆಪ್ಯಾಸಿಟರ್‌ಗಳು ಹಾಳೆಯ ಜೊತೆಗೇ ಕಿತ್ತು ಬಂದವು. ಎರಡನೆಯ ನಕ್ಷೆಯಲ್ಲಿ 16.5 ಮಿಲಿಮೀಟರ್ ಚೌಕ ಎಂದು ಬರೆದೆ; ಒತ್ತಿದಾಗ ಅದು 20ಕ್ಕೆ ಬಂದು ಚಿಪ್‌ನ ಅಂಚಿನಲ್ಲೇ ನಿಲ್ಲುತ್ತದೆ.

ತಪ್ಪು ನನ್ನದು, ನಿಜ. ಆದರೆ ನಕ್ಷೆಯನ್ನು ಪರಿಶೀಲಿಸಿ ಒಪ್ಪಿಗೆ ಕೊಡುವುದೂ ಸೇವೆಯ ಭಾಗವೆಂದು ಹೇಳಿಕೊಳ್ಳುವವರು, ಒತ್ತಿದ ಮೇಲಿನ ದಪ್ಪವನ್ನು ನಕ್ಷೆಯಲ್ಲೇ ಬರೆದಿದ್ದಾಗ, ಉಕ್ಕುವ ಅಂಚಿನ ಬಗ್ಗೆ ಒಂದು ಪ್ರಶ್ನೆ ಕೇಳಬೇಕಾಗಿತ್ತು. ನೂರಾರು ನಕ್ಷೆಗಳನ್ನು ನೋಡಿದ ಕಣ್ಣಿಗೆ ಅದು ತಟ್ಟನೆ ಕಾಣುವಂಥದ್ದು. ಕೇಳಲಿಲ್ಲ. ಎರಡನೆಯ ನಕ್ಷೆ ಕಳಿಸಿದಾಗ ಮಾತ್ರ, ಉದ್ದನೆಯ ತುಂಡುಗಳ ನಡುವೆ ಒಂದು ಸಣ್ಣ ಸೀಳು ಬಿಟ್ಟರೆ ಸಿಕ್ಕಿಬಿದ್ದ ಗಾಳಿ ಹೊರಹೋಗುತ್ತದೆ ಎಂದು ತಾವಾಗಿಯೇ ಸಲಹೆ ಕೊಟ್ಟರು. ಅದು ಒಳ್ಳೆಯ ಸಲಹೆಯಾಗಿತ್ತು. ಮಾಸ್‌ಫೆಟ್‌ಗಳ ಸಾಲಿನ ಮೇಲೆ ಮೊದಲು ಕಾಣುತ್ತಿದ್ದ ಗಾಳಿಗುಳ್ಳೆಗಳು ಆಮೇಲೆ ಕಾಣಲಿಲ್ಲ.

ಈ ಸೇವೆಯಲ್ಲಿ ನಾನು ಮನಸಾರೆ ಮೆಚ್ಚಿದ್ದು ಒಂದು ಸಣ್ಣ ಸಂಗತಿ. ಪ್ರತಿಯೊಂದು ಹಾಳೆಗೂ ಎರಡು ಬದಿಯಲ್ಲಿ ರಕ್ಷಣಾ ಪೊರೆಗಳಿರುತ್ತವೆ: ಒಂದು ಬದಿ ವಜ್ರಾಕಾರದ ಉಬ್ಬು ಗೆರೆಗಳುಳ್ಳ ನೀಲಿ ಪೊರೆ, ಇನ್ನೊಂದು ಬದಿ ಇದೆಯೋ ಇಲ್ಲವೋ ಎಂಬಂಥ ಪಾರದರ್ಶಕ ಪೊರೆ. ನೀಲಿಯನ್ನು ಯಾರೂ ಮರೆಯುವುದಿಲ್ಲ. ಪಾರದರ್ಶಕವನ್ನು ನಮ್ಮ ಜೋಡಣೆಯಲ್ಲಿ ಒಮ್ಮೆ ಮರೆತರು. ಆ ಘಟಕ ಉಳಿದವುಗಳಿಗಿಂತ 14 ಡಿಗ್ರಿ ಹೆಚ್ಚು ಬಿಸಿಯಾಗಿ ಓಡುತ್ತಿತ್ತು. ಬಿಚ್ಚಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ ಎನಿಸುತ್ತಿತ್ತು. ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಹಾಳೆಯ ಮೂಲೆಯಲ್ಲಿ ಒಂದು ಹೊಳಪಿನ ಗೆರೆ ಮಿನುಗಿತು. 50 ಮೈಕ್ರೊಮೀಟರ್ ದಪ್ಪದ ಪ್ಲಾಸ್ಟಿಕ್ ಪೊರೆಯೊಂದೇ ಇಡೀ ಹಾಳೆಗಿಂತ ಹೆಚ್ಚಿನ ಅಡ್ಡಿಯಾಗಿ ನಿಂತಿತ್ತು. ಇದನ್ನು ತಿಳಿಸಿದಾಗ, ಮುಂದಿನ ಕಂತಿನಿಂದ ಪಾರದರ್ಶಕ ಪೊರೆಯ ಬದಲು ಕೆಂಪು ಪೊರೆ ಹಾಕಿ, ತುಂಡಿನ ಹೊರಗೆ ಚಾಚಿಕೊಂಡಿರುವ ಒಂದು ಕಿವಿಯನ್ನೂ ಬಿಟ್ಟು ಕತ್ತರಿಸಿ ಕಳಿಸಿದರು. ಕೆಂಪು ಕಿವಿ ಹೊರಗೆ ಇಣುಕುತ್ತಿದ್ದರೆ ಕವಚ ಮುಚ್ಚುವವರ ಕೈ ತಾನಾಗಿ ನಿಲ್ಲುತ್ತದೆ. ಆ ಮೇಲೆ ಒಂದೇ ಒಂದು ಘಟಕವೂ ಹಾಗೆ ಹೋಗಿಲ್ಲ.

ಮಾಸ್‌ಫೆಟ್‌ಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಅಲ್ಲಿ ಹಾಳೆ ಶಾಖವನ್ನು ಬಿಡಬೇಕು, ವಿದ್ಯುತ್ತನ್ನು ತಡೆಯಬೇಕು. ಮಾಸ್‌ಫೆಟ್‌ನ ಲೋಹದ ಬೆನ್ನು ಸಾಮಾನ್ಯವಾಗಿ ಅದರ ವಿದ್ಯುತ್ ತುದಿಗಳಲ್ಲೊಂದಾದ ಡ್ರೈನ್‌ಗೆ ಜೋಡಿಸಿಕೊಂಡಿರುತ್ತದೆ. ಕವಚ ವಿದ್ಯುತ್ತಿನ ನೆಲಕ್ಕೆ (ಅರ್ತಿಂಗ್) ಜೋಡಿಸಿಕೊಂಡಿರುತ್ತದೆ. ಮೆತ್ತನೆಯ ಹಾಳೆ ಮಿಲಿಮೀಟರಿಗೆ ಇಷ್ಟು ಕಿಲೊವೋಲ್ಟ್ ತಡೆಯುತ್ತದೆ ಎಂದು ಪುಟದಲ್ಲಿ ಬರೆದಿರುವುದು ನಯವಾದ ಮೈಗಳ ನಡುವಿನ ಪರೀಕ್ಷೆಯ ಮಾತು. ಕವಚವನ್ನು ಕೊರೆದಾಗ ಉಳಿದ ಒಂದು ಲೋಹದ ಮುಳ್ಳು ಸಾಕು, ಅದು ಬೆಣ್ಣೆಯಲ್ಲಿ ಸೂಜಿ ಹೋದಂತೆ ಹಾಳೆಯನ್ನು ತೂರಿ ಹೋಗುತ್ತದೆ. ಆದ್ದರಿಂದ ಅಲ್ಲಿ ಗಾಜಿನ ನಾರಿನ ಬಟ್ಟೆಯನ್ನು ಒಳಗೆ ಹುದುಗಿಸಿದ ತೆಳು ಹಾಳೆಯನ್ನು ಹಾಕಿದೆವು. ಅದೂ ಇದೇ ತಯಾರಕರದ್ದು. ದೂರಲು ಏನೂ ಇಲ್ಲ. ತೆಳುವಾದಷ್ಟೂ ಶಾಖಕ್ಕೆ ಒಳ್ಳೆಯದು, ಆದರೆ ತೆಳುವಾದಷ್ಟೂ ಮಾಸ್‌ಫೆಟ್‌ನ ಬೆನ್ನು ಮತ್ತು ಕವಚ ಕೂಡಿ ಒಂದು ಕೆಪ್ಯಾಸಿಟರ್ ಆಗುವುದೂ ಹೆಚ್ಚುತ್ತದೆ. ಒಂದೂವರೆ ಚದರ ಸೆಂಟಿಮೀಟರ್ ಬೆನ್ನಿಗೆ ಕಾಲು ಮಿಲಿಮೀಟರ್ ಹಾಳೆ ಹಾಕಿದರೆ ಸುಮಾರು 20 ಪಿಕೊಫ್ಯಾರಡ್ ಬರುತ್ತದೆ. ಕ್ಷಣಕ್ಷಣಕ್ಕೂ ಏರಿಳಿಯುವ ವೋಲ್ಟೇಜಿನ ವಿದ್ಯುತ್ ಗದ್ದಲ (ನಾಯ್ಸ್) ಅದರ ಮೂಲಕ ಕವಚಕ್ಕೆ ದಾಟುತ್ತದೆ. ನಾವು ಇದನ್ನು ಕಂಡುಕೊಂಡದ್ದು ವಿದ್ಯುತ್ಕಾಂತೀಯ ಅಡಚಣೆಯ ಪರೀಕ್ಷೆಯಲ್ಲಿ. ಅರ್ಧ ಮಿಲಿಮೀಟರ್ ಹಾಳೆಗೆ ಬದಲಾಯಿಸಿ, ಎರಡು ಡಿಗ್ರಿ ಬಿಟ್ಟುಕೊಟ್ಟು, ಪರೀಕ್ಷೆಯನ್ನು ದಾಟಿದೆವು.

ಸಿಲಿಕೋನ್ ಹಾಳೆಗಳಿಂದ ಎಣ್ಣೆ ಜಿನುಗುತ್ತದೆ ಎಂಬುದು ಎಲ್ಲರೂ ಕೇಳಿರುವ ಮಾತು. ಮೂರು ಹಾಳೆಗಳ ತುಂಡುಗಳನ್ನು ಬಿಳಿ ಕಾಗದದ ಮೇಲಿಟ್ಟು, ಮೇಲೊಂದು ಗಾಜು ಮತ್ತು ತೂಕವನ್ನು ಹೇರಿ, 70 ಡಿಗ್ರಿಯಲ್ಲಿ ಒಂದು ವಾರ ಬಿಟ್ಟೆ. 12ರ ಹಾಳೆಯ ಸುತ್ತ ಕಾಗದ ಸ್ವಚ್ಛವಾಗಿತ್ತು. 6ರ ಸುತ್ತ ಎರಡು ಮಿಲಿಮೀಟರ್‌ನ ಮಂದ ಉಂಗುರ. 3ರ ಸುತ್ತ ಒಂದು ಬೆರಳಗಲದ ಎಣ್ಣೆಯ ಕಲೆ, ಹಿಡಿದರೆ ಆಚೆಯ ಬೆಳಕು ಕಾಣುವಷ್ಟು. ಮೆತ್ತಗಿರುವುದಕ್ಕೆ ತೆರುವ ಬೆಲೆ ಇದು. ನಮ್ಮ ಘಟಕದಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಕ್ಯಾಮೆರಾದ ಮಸೂರ, ಲೇಸರ್ ಅಥವಾ ತೆರೆದ ಸಂಪರ್ಕಗಳುಳ್ಳ ರಿಲೇ ಇರುವ ಪೆಟ್ಟಿಗೆಯಲ್ಲಿ ಇಂಥ ಹಾಳೆಯನ್ನು ಹಾಕಲೇಬಾರದು. ಜಿನುಗುವ ಎಣ್ಣೆಗಿಂತ ಆವಿಯಾಗಿ ಹರಡುವ, ಸಿಲಿಕೋನಿನವೇ ಆದ ಹಗುರ ಅಣುಗಳಾದ ಸಿಲೊಕ್ಸೇನ್‌ಗಳು ಅಲ್ಲಿ ಹೆಚ್ಚು ಅಪಾಯಕಾರಿ: ಅವು ಮಸೂರದ ಮೇಲೆ ಮಂಜಿನಂತೆ ಕೂರುತ್ತವೆ, ರಿಲೇ ಸಂಪರ್ಕಗಳಲ್ಲಿ ಕಿಡಿಯಿಂದ ಸಿಲಿಕಾ ಆಗಿ ಗಟ್ಟಿಗೊಂಡು ವಿದ್ಯುತ್ತನ್ನು ತಡೆಯುತ್ತವೆ. ಸಿಲಿಕೋನ್ ಇಲ್ಲದ ಅಕ್ರಿಲಿಕ್ ಹಾಳೆಗಳು ಇರುವುದು ಇಂಥ ಜಾಗಗಳಿಗಾಗಿಯೇ.

ಗ್ರಾಫೈಟ್ ಹಾಳೆಯನ್ನು ಕೊಂಡದ್ದು ಬೇರೆ ಉದ್ದೇಶಕ್ಕೆ. ಪ್ರೊಸೆಸರ್‌ನ ನೇರ ಮೇಲಿನ ಕವಚದ ಭಾಗ ಕೈ ತಾಳದಷ್ಟು ಬಿಸಿಯಾಗುತ್ತಿತ್ತು, ಅಂಚುಗಳು ತಣ್ಣಗಿದ್ದವು. 25 ಮೈಕ್ರೊಮೀಟರ್ ದಪ್ಪದ, ಪಾಲಿಇಮೈಡ್ ಪೊರೆಯನ್ನು ಅತಿ ತಾಪದಲ್ಲಿ ಸುಟ್ಟು ಮಾಡಿದ ಈ ಹಾಳೆಯ ಉಷ್ಣವಾಹಕತೆ ಅದರ ಮೈಯುದ್ದಕ್ಕೂ 1,600ರಷ್ಟಿದೆ, ತಾಮ್ರದ ನಾಲ್ಕು ಪಟ್ಟು. ಸಂಖ್ಯೆ ಕೇಳಿ ಮರುಳಾಗುವ ಮುನ್ನ ದಪ್ಪವನ್ನು ನೆನೆಯಬೇಕು: ಅದು ಹರಡುವ ಶಾಖ 0.1 ಮಿಲಿಮೀಟರ್ ತಾಮ್ರದ ತಗಡು ಹರಡುವಷ್ಟೇ. ಆ ತಗಡಿನ ತೂಕದ ಹದಿನೈದನೇ ಒಂದು ಭಾಗವೂ ಇಲ್ಲದೆ ಅಷ್ಟು ಮಾಡುವುದು ಅದರ ಹಿರಿಮೆ. ಕೈಯಲ್ಲಿ ಹಿಡಿಯುವ ತೆಳು ಉಪಕರಣಗಳಿಗೆ ಅದು ವರವೇ ಸರಿ. ಮೂರು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಇರುವ ನಮ್ಮ ಕವಚಕ್ಕೆ ಅದು ಏನನ್ನೂ ಕೂಡಿಸಲಿಲ್ಲ. ಕವಚದ ಮೈಯ ಬಿಸಿ ಒಂದು ಡಿಗ್ರಿಯೂ ಇಳಿಯಲಿಲ್ಲ. ಗ್ರಾಫೈಟ್ ವಿದ್ಯುತ್ತನ್ನೂ ಸಾಗಿಸುತ್ತದೆ ಎಂಬುದನ್ನು ನೆನಪಿಡಬೇಕು. ನಮಗೆ ಬಂದ ಹಾಳೆಯಲ್ಲಿ, ವಿದ್ಯುತ್ತನ್ನು ತಡೆಯಲು ಮೇಲೆ ಹೊದಿಸಿದ ಪೊರೆಯು ಅಂಚಿಗೆ ಸರಿಯಾಗಿ ಕತ್ತರಿಸಲ್ಪಟ್ಟು, ಗ್ರಾಫೈಟ್‌ನ ಬದಿ ಬರಿದಾಗಿ ಕಾಣುತ್ತಿತ್ತು; ಉಜ್ಜಿದರೆ ಕಪ್ಪು ಚಕ್ಕೆಗಳು ಉದುರುತ್ತಿದ್ದವು. ಪೊರೆ ಅಂಚನ್ನು ದಾಟಿ ಒಂದು ಮಿಲಿಮೀಟರಾದರೂ ಚಾಚಿ ಮುಚ್ಚಿಕೊಂಡಿರಬೇಕು. ಈ ಒಂದು ವಸ್ತುವಿನಲ್ಲಿ ತಯಾರಕರ ಕೆಲಸ ನನಗೆ ಒಪ್ಪಿಗೆಯಾಗಲಿಲ್ಲ.

ಒಟ್ಟಿನಲ್ಲಿ 6ರ ಹಾಳೆಯನ್ನು ನಾನು ಮತ್ತೆ ಕೊಳ್ಳುತ್ತೇನೆ, 3ರದ್ದನ್ನೂ ಅದರ ಜಾಗವನ್ನರಿತು ಕೊಳ್ಳುತ್ತೇನೆ, ಕತ್ತರಿಕೆ ಸೇವೆಯನ್ನು ನಕ್ಷೆಯ ಹೊಣೆಯನ್ನು ನಾನೇ ಹೊತ್ತುಕೊಂಡು ಬಳಸುತ್ತೇನೆ. ವರ್ಷ ತುಂಬಿದ ಒಂದು ಘಟಕವನ್ನು ಕಳೆದ ವಾರ ಬಿಚ್ಚಿದೆ. ಹೊಸದಿದ್ದಾಗಿನ ತಾಪಕ್ಕೂ ಈಗಿನದಕ್ಕೂ ಒಂದು ಡಿಗ್ರಿಯ ವ್ಯತ್ಯಾಸ ಮಾತ್ರ ಬಂದಿತ್ತು. ಹಾಳೆಯನ್ನು ಮೆಲ್ಲಗೆ ಬಿಡಿಸಿದಾಗ ಪ್ರೊಸೆಸರ್‌ನ ಮೂಲೆಯಲ್ಲಿ ಒಂದನೇ ಪಿನ್ನನ್ನು ಗುರುತಿಸುವ ಸಣ್ಣ ಗುಳಿ ಹಾಳೆಯ ಮೇಲೆ ಪುಟ್ಟ ಗುಬುಟಾಗಿ ಮೂಡಿತ್ತು. ಗಾಳಿಗೆ ಎಳ್ಳಷ್ಟೂ ಜಾಗ ಉಳಿದಿರಲಿಲ್ಲ. ನೀಲಿ ಪೊರೆ ಹಾಳೆಯ ಮೇಲೆ ಬಿಟ್ಟುಹೋಗುವ ವಜ್ರಾಕಾರದ ಗೆರೆಗಳು ಒತ್ತಡಕ್ಕೆ ಪೂರ್ತಿ ಅಳಿಸಿಹೋಗಿದ್ದವು. ಎರಡನೆಯ ಮೆಮೊರಿ ಚಿಪ್‌ನ ಹೊರ ಮೂಲೆಯಲ್ಲಿ ಮಾತ್ರ, ಕಿರುಬೆರಳ ಉಗುರಿನಷ್ಟು ಜಾಗದಲ್ಲಿ, ಆ ಗೆರೆಗಳು ಇನ್ನೂ ಹೊಸದರಂತೆ ನಿಂತಿದ್ದವು. ಅಲ್ಲಿ ಕವಚ ಸಾಕಷ್ಟು ಒತ್ತಿಲ್ಲ. ಮುಂದಿನ ಕಂತಿನ ನಕ್ಷೆಯಲ್ಲಿ ಆ ತುಂಡಿನ ದಪ್ಪವನ್ನು 2 ಮಿಲಿಮೀಟರ್‌ನಿಂದ 2.25ಕ್ಕೆ ಏರಿಸಿ ಕಳಿಸಿದ್ದೇನೆ.